ಅಲ್ಲಿ ನಡೀತಿದ್ದ, ಇಲ್ಲಿ ನಿಲ್ಲತಿದ್ದ

ಆಗ ನನಗ ಅರವತ್ತೊಂಬತ್ತು. ಅದಾಗಿ ಈಗ ಒಂದೂವರಿ ವರ್ಷ ಆತು.

ನನ್ನ ಗಂಡ ಗದ್ವಾಲ ಬಸ್ಸಿನಿಂದ ಮಕ್ತಲ್ ಸ್ಟ್ಯಾಂಡಿನಾಗ ಇಳಿದ. ತನ್ನ ಚೀಲ ತಾನ ಹಿಡಕೊಂಡಿದ್ದ. ಬಸ್ಸಿನ ಮೆಟ್ಟಲಾ ಯಾರ ಆಸರಿಲ್ಲದ ಇಳಿದು, ಕರಕೊಂಡು ಬರಾಕ ಹೋದ ನನ್ನ ಮಗನ ಮುಂದ ಮುಂದ ಆಟೋ ತನಕ ನಡದ. ಕೈ ನಡುಗೋ ಜಡ್ಡು ಐತಿ ಅಂತ ಹೊಸಬರಿಗೆ ಗೊತ್ತೂ ಆಗತಿರಲಿಲ್ಲ. ಎರಡು ದಿನ ಕಳದು ಮೂರನೇ ದಿನ ಅದೇ ಮನುಷ್ಯ ನನ್ನ ಮನಿ ಹೊಸ್ತಿಲ ಮುಂದ ನಿಂತ. ದಾಟಬೇಕು, ದಾಟವಲ್ಲ. ಕಾಲು ನೆಲಕ್ಕ ಅಂಟಿದಂಗ. ಮೈ ಮುಂದಕ್ಕ ಬಾಗತೈತಿ, ಪಾದ ಏಳವಲ್ಲವು. ಮಾರಿ ನೋಡಿದರ ಮಣ್ಣಿನ ಗ್ವಾಡಿ. ನಗಿ ಇಲ್ಲ, ಸಿಟ್ಟಿಲ್ಲ, ಏನಿಲ್ಲ.

ಹಿಂಗ ಅದು ನಾಕನೇ ಸಲ. ಒಂದು ತಿಂಗಳು ನನ್ನ ಮನ್ಯಾಗ, ಒಂದು ತಿಂಗಳು ಗದ್ವಾಲದಾಕಿ ಮನ್ಯಾಗ. ಅಲ್ಲಿ ಹೋದರ ನಡೀತಾನ. ಇಲ್ಲಿ ಬಂದರ ಕಲ್ಲಾಗತಾನ. ಇದನ್ನ ನೋಡಿದ ಹೆಣ್ತಿಗೆ ಏನನಸಬೇಕೋ ನನಗೂ ಅದ ಅನಿಸಿತು. ಊರ ಮಂದಿ ಈ ಮಾತು ತಮಗ ಬೇಕಾದಂಗ ಹೇಳಕೊಂತ ಅಡ್ಡಾಡತಾರ. ಅದಕ್ಕ ಮೂರನೇತ್ತ ತನಕ ಕನ್ನಡ ಸಾಲಿ ಕಲಿತ ಅಷ್ಟರಾಗ ನಾನ ಬರೀತೀನಿ. ತಪ್ಪಿದ್ದರ ಇರಲಿ.

ಗದ್ವಾಲದಾಕಿ ಅಂದ್ರ ನನ್ನ ಸವತಿ. ಮೂವತ್ನಾಕು ವರ್ಷದ ಮಾತು. ಬ್ಯಾಸಿಗ್ಯಾಗ ಕೃಷ್ಣಾ ಸೊರಗಿದಾಗ ನಮ್ಮಾತ ಕುರಿ ಹೊಡಕೊಂಡು ಆ ದಂಡಿಗೆ ಹೋಗತಿದ್ದ. ಅಲ್ಲಿಯ ರೈತರು ತಮ್ಮ ಹೊಲದಾಗ ಕುರಿ ನಿಲ್ಲಿಸಿಕೊಂತಿದ್ದರು, ಗೊಬ್ಬರಕ್ಕ. ಬದಲಿಗೆ ಜ್ವಾಳ ಕೊಡತಿದ್ದರು. ಆ ವರ್ಷ ಮಳಿ ಬಿದ್ದ ಮ್ಯಾಲ ತಿರುಗಿ ಬಂದ. ಹೆಗಲ ಮ್ಯಾಲಿನ ಕಂಬಳಿ ಅಂಚು ಹರಿದದ್ದು ಹೊಲದಿತ್ತು. ಕೆಂಪು ದಾರ, ಸಣ್ಣ ಸಣ್ಣ ಹೊಲಿಗಿ, ಒಂದರ ಬಾಜು ಒಂದು ಎಣಿಸಿ ಇಟ್ಟಂಗ. ಕುರುಬರ ಗಂಡಸು ಕಂಬಳಿ ಹೊಲಕೊಂಡರ ಗೋಣಿಚೀಲ ಹೊಲದಂಗ ಇರತೈತಿ. ನಾ ಕೇಳಿದೆ, "ಇದು ಯಾರ ಕೈ?" ಆತ ಹೇಳಿಬಿಟ್ಟ. ಸುಳ್ಳು ಹೇಳೋ ಮನುಷ್ಯ ಅಲ್ಲ, ಅದೊಂದು ಸುಡಗಾಡ ಗುಣ ಆತಗ.

ಆಕಿ ಗದ್ವಾಲದಾಗ ಸೀರಿ ನೇಯೋರ ಮನ್ಯಾಗ ನೂಲು ಸುತ್ತೋ ಕೆಲಸದಾಕಿ. ಗಂಡ ಸತ್ತಿದ್ದ. ಮಕ್ಕಳಿಲ್ಲ. ನನಗಿಂತ ಹನ್ನೆರಡು ವರ್ಷ ಸಣ್ಣಾಕಿ. ನಾ ಆಕಿ ಮನಿ ಹೊಸ್ತಿಲ ತುಳದಾಕಿ ಅಲ್ಲ. ಆಕಿ ಹೆಸರು ಹಿಡದು ಕರದಾಕೀನೂ ಅಲ್ಲ. ಆ ಕಂಬಳಿ ಮಾತ್ರ ನನ್ನ ಮನ್ಯಾಗ ಇತ್ತು. ಛಳಿಗೆ ಆತ ಅದನ್ನ ಹೊದ್ದರ ನಾ ಮಗ್ಗಲಾ ಬದಲಿಸಿ ಮಲಗತಿದ್ದೆ.

ಜಡ್ಡು ಸುರು ಆದದ್ದು ಬಲಗೈಯಿಂದ. ಸುಮ್ನ ಕುಂತಾಗ ಹೆಬ್ಬೆಟ್ಟು ತೋರಬೆರಳು ಒಂದಕ್ಕೊಂದು ತಿಕ್ಕಾಕ ಹತ್ತಿದವು. ನಮ್ಮ ಗಂಡಸರು ಕುರಿ ಕಾಯಕೊಂತ ಉಣ್ಣಿ ನೂತು ದಾರ ಮಾಡತಾರಲ್ಲ, ಹಂಗ. ಕೈಯಾಗ ಉಣ್ಣಿ ಇಲ್ಲ, ಕೈ ನೂಲತೈತಿ. ನಾವೆಲ್ಲ ನಕ್ಕೆವು. "ಕುರಿ ಮಾರಿದರೂ ಚಾಳಿ ಹೋಗಿಲ್ಲ ನೋಡು" ಅಂದೆವು. ಬೀರಪ್ಪನ ಮುಂದ ಡೊಳ್ಳು ಬಾರಿಸೋ ಹೊತ್ತಿಗೆ ಕೈ ತಪ್ಪಿದಾಗ ಯಾರೂ ನಗಲಿಲ್ಲ. ನಲವತ್ತು ವರ್ಷ ಬಾರಿಸಿದ ಕೈ ಅದು.

ನಾರಾಯಣಪೇಟಕ್ಕ ಐತವಾರ ಐತವಾರ ನರದ ಡಾಕ್ಟರಮ್ಮ ಬರತಾಳ ಅಂದರು. ಮಗ ಕರಕೊಂಡು ಹೋದ. ಗುಳಿಗಿ ಬರದು ಕೊಟ್ಟಳು, ದಿನಕ್ಕ ಮೂರು. ಊಟಕ್ಕ ಮುಂಚೆ ಕೊಡ್ರಿ ಅಂದಿದ್ದಳು ಅಂತ ಮಗ ನನಗ ಬಂದು ಹೇಳಿದ. ನಾ ಅದನ್ನ ಒಂದು ದಿನಾನೂ ಮುರದಿಲ್ಲ. ಮುಂಜಾನೆದ್ದು ಕುರಿ ಹಾಲು ಹಿಂಡತೀನಿ. ಕುರಿ ಹಿಂಡು ಮಾರಿದರೂ ಐದು ಕುರಿ ಮನಿ ಮುಂದ ಉಳಿಸಿಕೊಂಡೀವಿ. ಮೊದಲ ಹಾಲು ಬೀರಪ್ಪನ ಕಲ್ಲಿಗೆ ಒಂದು ಹನಿ, ಮಿಕ್ಕದ್ದು ಹಟ್ಟಿ ಯಜಮಾನಗ. ಅದು ನಮ್ಮ ಮನ್ಯಾಗ ಮೂರು ತಲಿಯಿಂದ ನಡದು ಬಂದದ್ದು. ಆ ಹಾಲಿನಾಗ ಗುಳಿಗಿ. ಕುರಿ ಹಾಲು ಗಟ್ಟಿ, ಕೆನಿ ದಪ್ಪ, ಗುಳಿಗಿ ಕಾವು ಅದರಾಗ ಇಳೀತೈತಿ ಅಂತ ನನ್ನ ಲೆಕ್ಕ. ಮಧ್ಯಾಹ್ನದ್ದೂ ಹಾಲಿನಾಗ. ಸಂಜಿದ್ದೂ ಹಾಲಿನಾಗ.

ಆತ ನಿಲ್ಲಾಕ ಹತ್ತಿದ ಮ್ಯಾಲ ನಾ ಹಾಲು ಹೆಚ್ಚು ಮಾಡಿದೆ. ಗದ್ವಾಲದಾಕಿ ಏನು ತಿನಸತಾಳ ಅನ್ನೋದು ಮಗ ಹೇಳಿ ಗೊತ್ತಿತ್ತು ನನಗ. ಬಡವಿ. ನಸುಕಿನಾಗ ಎದ್ದು ನೂಲು ಸುತ್ತಾಕ ಹೋಗೋ ಗಡಿಬಿಡ್ಯಾಗ ಒಂದು ಲೋಟ ನೀರು ಕೊಟ್ಟು ಗುಳಿಗಿ ನುಂಗಿಸತಾಳ. ರೊಟ್ಟಿ ಖಾರ ಮುಚ್ಚಿಟ್ಟು ಹೋಗತಾಳ. ಹಸಿದಾಗ ಆತ ತಾನ ತಿಂತಾನ. ಅಷ್ಟ. ನಾ ಹಂಗ ಮಾಡಾಕಿ ಏನು? ಹಾಲಿಗೆ ಶೇಂಗಾ ಕುಟ್ಟಿ ಹಾಕಿದೆ. ಮ್ಯಾಲ ಎರಡು ಮೊಟ್ಟಿ ಕುದಿಸಿ ಕೊಟ್ಟೆ. ಸೊಸಿ ಅಂದಳು, "ಅತ್ತಿ, ಪೈಲ್ವಾನಗ ಉಣಸಿದಂಗ ಉಣಸತೀರಿ." ನಾ ಅಂದೆ, "ಆಕಿ ಉಣಸಲಾರದ್ದನ್ನ ನಾ ಉಣಸತೀನಿ."

ಎಷ್ಟು ಉಣಿಸಿದೆನೋ ಅಷ್ಟು ಸೆಟದ. ಮುಂಜಾನಿ ಹಾಲು ಕುಡದು ಎದ್ದು ಬಾಗಲ ತನಕ ಬರತಿದ್ದ, ಅಲ್ಲೇ ನಿಲ್ಲತಿದ್ದ. ನಾನೂ ಸೊಸಿನೂ ಎರಡೂ ರಟ್ಟಿ ಹಿಡದು ದಾಟಿಸಬೇಕು. ಒಂದು ದಿನ ನನಗ ಎಷ್ಟು ಸಿಟ್ಟು ಬಂತಂದ್ರ, ಆತನ ಎದುರಿಗೆ ನಿಂತು ಅಂದೆ, "ನಾನಂತ ಕಾಲು ಏಳವಲ್ಲವಲ್ಲ, ನನ್ನ ಆಕಿ ಅಂತ ತಿಳಕೊಂಡಾರ ನಡಿ ಮುದುಕಾ." ಆತ ಬಾಯಿ ಬಿಟ್ಟ. ದನಿ ಹೊರಗ ಬರಲಿಲ್ಲ. ಕಣ್ಣು ಮಾತ್ರ ಒದ್ದಿ ಆದವು. ನನಗ ಅದೂ ಆಕಿ ಸಲುವಾಗೇ ಅನಿಸಿತು.

ಊರಾಗ ಗಿರಣಿಗೆ ಹೋದರ ಅಲ್ಲಿ ಒಬ್ಬಾಕಿ ಇದ್ದಳು, ನನ್ನ ವಯಸ್ಸಿನ ವಾರಿಗೀದಾಕಿ. ಜ್ವಾಳದ ಡಬ್ಬಿ ಇಳಿಸಿ ನಿಂತು ಕೇಳಿದಳು, "ಅಲ್ಲಬೇ ಯಕ್ಕ, ನಿನ್ನ ಮುದುಕ ಗದ್ವಾಲದಾಗ ಬೀಡಿ ತರಾಕ ತಾನ ಅಂಗಡಿಗೆ ಹೋಗತಾನಂತ. ನಿನ್ನ ಮನ್ಯಾಗ ಒಂದಕ್ಕ ಹೋಗಾಕೂ ಎತ್ತಬೇಕಂತ. ಆಕಿ ಏನು ತಿನಸತಾಳ, ನೀ ಏನು ತಿನಸತಿ?"

ಬಾಜುದಾಕಿ ಅಂದಳು, "ಆಕಿ ತನ್ನ ಮಾರಿ ತಿನಸತಾಳ ತಗೋ."

ಎಲ್ಲಾರೂ ನಕ್ಕರು. ನಾ ಅಂದೆ, "ನಿನ್ನ ಗಂಡ ನಿನ್ನ ಮಾರಿ ನೋಡಿ ನೋಡಿ ಕಣ್ಣಾಗ ಪೊರಿ ಬಂದು ಕುಂತಾನಲ್ಲ. ನಮ್ಮಾತ ಬರೇ ಕಾಲು ನಿಂದರಿಸ್ಯಾನ." ಆಮ್ಯಾಲ ಯಾರೂ ನಗಲಿಲ್ಲ. ಆದರ ಹಿಟ್ಟು ಹೊತ್ತು ಮನಿಗೆ ಬರೋ ಹಾದ್ಯಾಗ ನನ್ನ ಹೊಟ್ಟಿ ಉರಿ ಆರಲಿಲ್ಲ. ಆಕಿಗೆ ಹನ್ನೆರಡು ವರ್ಷ ಸಣ್ಣ ವಯಸ್ಸು ಇತ್ತು. ಮೂವತ್ನಾಕು ಬ್ಯಾಸಿಗಿ ಇತ್ತು. ಈಗ ಆತನ ಕಾಲೂ ಆಕೀವ ಆದವು. ನನಗ ಉಳದದ್ದು ಎತ್ತಿ ಕುಂದರಿಸೋ ಕೆಲಸ.

ಆ ನಾಕನೇ ಸಲ ತಿಂಗಳು ಇನ್ನಾ ಅರ್ಧ ಆಗಿರಲಿಲ್ಲ, ಗದ್ವಾಲದಾಕಿ ನನ್ನ ಮಗನ ಫೋನಿಗೆ ಮಾತಾಡಿದಳು. ಮಗ ಬಂದು ನನಗ ಹೇಳಿದ. "ಅವ್ವಾ, ಅಪ್ಪನ್ನ ಅಲ್ಲೇ ಕಾಯಂ ಬಿಡೂಣು ಅಂತ ಮಾಡೀನಿ. ಸೋಮವಾರ ಕರಕೊಂಡು ಹೋಗತೀನಿ. ಅಲ್ಲಿ ನಡೀತಾನ, ಇಲ್ಲಿ ಎತ್ತಿ ಎತ್ತಿ ನಿನ್ನ ನಡಾನೂ ಹೋಗತೈತಿ. ಚಿಗವ್ವ ಹಾಲಿನ ಆಡು ತರತಾಳಂತ. ಅಪ್ಪ ಅಲ್ಲಿ ಹಾಲು ಹಾಲು ಅಂತ ಅಳತಾನಂತ. ಮೂರು ಹೊತ್ತೂ ಹಾಲು ಕುಡಸತೀನಿ ಅಂದಾಳ."

ಆಕಿಗೆ ಚಿಗವ್ವ ಅಂದ ನನ್ನ ಮಗ. ನನ್ನ ಮುಂದ.

ಹಾಲೊಂದು ನನ್ನ ಕಡೆ ಇತ್ತು. ಈಗ ಅದನ್ನೂ ಆಕಿ ಮನಿ ಬಾಗಲಿಗೆ ಕಟ್ಟಕೊಂತಾಳ. "ಸೋಮವಾರ ಒಯ್ಯಿ, ಆದರ ಐತವಾರ ಒಂದು ಸಲ ಡಾಕ್ಟರಮ್ಮಗ ತೋರಿಸು. ಈ ಸಲ ನಾನೂ ಬರತೀನಿ" ಅಂದೆ. ಆತನ ಸಲುವಾಗಿ ಅಲ್ಲ. ಹೆಂಗಸರ ಮಾರಿ ನೋಡಿ ನಡಿಯೋ ನಿಲ್ಲೋ ಜಡ್ಡು ಯಾವುದು ಅಂತ ಕೇಳೋದಿತ್ತು ನನಗ.

ನಾರಾಯಣಪೇಟ ದವಾಖಾನ್ಯಾಗ ಎಲ್ಲಾರೂ ತೆಲುಗು ಮಾತಾಡತಾರ. ನನಗೂ ಬರತೈತಿ, ಆದರ ಬೈಯಾಕ ಸಾಲೋದಿಲ್ಲ. ಡಾಕ್ಟರಮ್ಮ ರಾಯಚೂರ ಕಡೆ ಹುಡಿಗಿ, ನಮ್ಮಂಗ ಕನ್ನಡ. ಮಗ ಹೊರಗ ಗುಳಿಗಿ ತರಾಕ ಹೋದ. ಒಳಗ ನಾವು ಮೂರ ಮಂದಿ.

"ಹೇಳ್ರಿ ಅವ್ವಾ, ಏನು ತ್ರಾಸ ಐತಿ?"

"ತ್ರಾಸ ಆತಗಲ್ಲ, ನನಗ" ಅಂದೆ. "ಈ ಮನುಷ್ಯ ಎರಡು ಮನಿ ಮಾಡ್ಯಾನ. ಆಕಿ ಮನ್ಯಾಗ ಓಡಾಡತಾನ. ನನ್ನ ಮನ್ಯಾಗ ಹೊಸ್ತಿಲ ದಾಟವಲ್ಲ. ಮಾರಿ ಮ್ಯಾಲ ನಗಿ ಇಲ್ಲ. ಅಷ್ಟು ಅಸಹ್ಯ ನಾನು?"

ಆಕಿ ನಗಲಿಲ್ಲ. ಒಂದು ಚೀಟಿ ತಿರುವಿ ಹಾಕಿ ಅದರ ಮ್ಯಾಲ ಬರದಳು, ಎರಡು ಗೀಟು. ಒಂದರ ತುದಿ ಇನ್ನೊಂದರ ಎದುರಿಗೆ. ನಡುವ ಸ್ವಲ್ಪ ಜಾಗ.

"ನರ ಅಂದ್ರ ತಲಿಯಿಂದ ಕಾಲಿನ ತನಕ ಒಂದೇ ಹಗ್ಗ ಅಲ್ಲ ಅವ್ವಾ. ತುಂಡು ತುಂಡು. ಒಂದರ ತುದಿ ಇನ್ನೊಂದಕ್ಕ ಮುಟ್ಟೋದಿಲ್ಲ. ನಡುವ ಸಂದಿ ಐತಿ."

"ಮುಟ್ಟಲಿಲ್ಲಂದ್ರ ಮಾತು ಹೆಂಗ ಹೋಗತೈತಿ?"

"ನಡಿ ಅನ್ನೋ ಹುಕುಂ ಕರೆಂಟಿನಂಗ ಓಡಿ ಬಂದು ಈ ತುದಿಗೆ ನಿಲ್ಲತೈತಿ. ಜಿಗಿಯಾಕ ಬರೋದಿಲ್ಲ. ಈ ತುದಿಯೊಳಗ ಸಣ್ಣ ಸಣ್ಣ ಚೀಲ ಅದಾವ, ಅದರಾಗ ರಸ. ಹುಕುಂ ಬಂದ ಕೂಡಲೇ ಚೀಲ ದಂಡಿಗೆ ಬಂದು ಬಾಯಿ ಬಿಚ್ಚತಾವ. ರಸ ಸಂದಿ ದಾಟಿ ಆ ದಂಡಿಗೆ ಮುಟ್ಟತೈತಿ. ಆಗ ಆ ಕಡೆ ನರ ಎಚ್ಚರ ಆಗಿ ಹುಕುಂ ಮುಂದಕ್ಕ ಒಯ್ಯತೈತಿ."

ಆಕಿ ದಂಡಿ ಅಂದಾಗ ನನ್ನ ಕಣ್ಣ ಮುಂದ ಕೃಷ್ಣಾ ಬಂತು. ಈ ದಂಡ್ಯಾಗ ಮಕ್ತಲ್, ಆ ದಂಡ್ಯಾಗ ಗದ್ವಾಲ. ಹೊಳಿ ತುಂಬಿದಾಗ ಈ ಕಡೆ ನಿಂತು ಎಷ್ಟು ಒದರಿದರೂ ಆ ಕಡೆ ಕೇಳಸೋದಿಲ್ಲ. ಹರಗೋಲ ಹೋಗಬೇಕು.

"ಸಂದಿ ಎಷ್ಟು ಅಗಲ ಐತಿ?"

"ನಿಮ್ಮ ಒಂದು ಕೂದಲಾ ಸಾವಿರ ಸೀಳು ಸೀಳಿದರ, ಒಂದು ಸೀಳಿನಷ್ಟೂ ಇಲ್ಲ."

"ಇಷ್ಟು ದಾಟಾಕ ಇಷ್ಟು ರಾದ್ಧಾಂತ!" ಅಂದೆ. "ಆ ಕಡೆ ನರ ಕಂಡ ಕಂಡ ರಸ ಎಲ್ಲಾ ಕುಡೀತೈತೇನು?"

"ಇಲ್ಲ. ರಸ ಬ್ಯಾರೆ ಬ್ಯಾರೆ ಅದಾವ. ನಡಿಯಾಕ ಒಂದು, ನಿದ್ದಿಗೆ ಒಂದು, ಅಂಜಿಕಿಗೆ ಒಂದು. ಒಂದೊಂದು ರಸ ಹಿಡಿಯಾಕ ಒಂದೊಂದು ಬಾಯಿ. ಒಂದರ ಬಾಯಾಗ ಇನ್ನೊಂದು ಹೋಗೋದಿಲ್ಲ."

ಇದು ನನಗ ತಿಳೀತು. ಹಟ್ಯಾಗ ನೂರು ಕುರಿ ಇದ್ದರೂ ಮರಿ ತನ್ನ ತಾಯಿ ಕೆಚ್ಚಲಾ ಹುಡಿಕಿ ಹೋಗತೈತಿ. ಬ್ಯಾರೆದಕ್ಕ ಬಾಯಿ ಹಾಕಿದರ ಒದಿಸಿಕೊಂತೈತಿ. ಹಂಗಂದೆ. "ಹಂಗ ತಿಳಕೊಳ್ರಿ" ಅಂದಳು. ಕೆಲಸ ಆದ ಮ್ಯಾಲ ಉಳದ ರಸ ಏನಾಗತೈತಿ ಅಂತ ಕೇಳಿದೆ. ರಸ ಬಿಟ್ಟ ನರ ತಾನ ಅದನ್ನ ತಿರುಗಿ ಒಳಗ ಎಳಕೊಂತೈತಿ, ಮುಂದಿನ ಹುಕುಮಿಗೆ ಬೇಕಲ್ಲ ಅಂದಳು. ಸಂಸಾರ ಮಾಡೋ ನರ ಅದು.

"ನಿಮ್ಮ ಯಜಮಾನರ ತಲಿಯೊಳಗ ಆ ನಡಿಯೋ ರಸ ಮಾಡೋ ನರ ಸಾಯಾಕ ಹತ್ಯಾವ ಅವ್ವಾ. ಹುಕುಂ ಬರತೈತಿ, ಚೀಲ ಖಾಲಿ. ಅದಕ್ಕ ಕಾಲು ನಿಲ್ಲತಾವ. ಮಾರಿ ಮ್ಯಾಲ ನಗಿ ಬರಬೇಕಾದರೂ ನರ ಹುಕುಂ ಒಯ್ಯಬೇಕಲ್ಲ? ಒಳಗ ನಗತಿರತಾರ, ಹೊರಗ ಬರೋದಿಲ್ಲ. ಅಸಹ್ಯ ಅಲ್ಲ ಅದು."

ನಾ ಆತನ ಮಾರಿ ನೋಡಿದೆ. ಅದೇ ಗ್ವಾಡಿ. ಒಳಗ ನಗತಿದ್ದನೋ ಏನೋ, ನನಗ ಹೆಂಗ ಗೊತ್ತಾಗಬೇಕು.

"ಹಂಗಾರ ಆಕಿ ಮಾರಿ ನೋಡಿದರ ಚೀಲ ತುಂಬತಾವೇನು?" ಕೇಳಬೇಕಂತ ಬಂದದ್ದು ಇದನ್ನ. ಕೇಳಿಬಿಟ್ಟೆ.

"ಸುಳ್ಳು ಹೇಳೋದಿಲ್ಲ ಅವ್ವಾ. ಮನಸಿಗೆ ಬೇಕಾದದ್ದು ಸಿಗತೈತಿ ಅನ್ನೋ ಆಸೆಗೂ ಆ ರಸ ಒಂಚೂರು ಹೊರಗ ಬರತೈತಿ. ಆದರ ಅಷ್ಟರ ಮ್ಯಾಲ ತಿಂಗಳುಗಟ್ಟಲೆ ಯಾರೂ ನಡಿಯಾಕ ಆಗೋದಿಲ್ಲ. ನೀವು ಗುಳಿಗಿ ಹೆಂಗ ಕೊಡತೀರಿ?"

"ಊಟಕ್ಕ ಮುಂಚೆ. ನೀವು ಹೇಳಿದಂಗ. ಒಂದು ಹೊತ್ತೂ ತಪ್ಪಿಸಿಲ್ಲ."

"ಯಾವುದರ ಜೋಡಿ?"

"ಹಾಲಿನ ಜೋಡಿ. ಕುರಿ ಹಾಲು, ಕೆನಿ ಸಮೇತ."

ಆಕಿ ಪೆನ್ನು ಕೆಳಗ ಇಟ್ಟಳು. "ಅವ್ವಾ, ಹಾಲು ಊಟ ಅಲ್ಲೇನು?"

"ಹಾಲು ಊಟ ಹೆಂಗಾಗತೈತಿ?" ಅಂದೆ. ನಗು ಬಂತು ನನಗ. ಬೀರಪ್ಪನ ಒಪ್ಪತ್ತು ಹಿಡದವರು ದಿನಾ ಪೂರ್ತಿ ಹಾಲು ಕುಡೀತಾರ, ಒಪ್ಪತ್ತು ಮುರಿಯೋದಿಲ್ಲ. ಅನ್ನ ಉಂಡರ ಊಟ, ರೊಟ್ಟಿ ತಿಂದರ ಊಟ. ಹಾಲು ಕುಡದವನ್ನ ಊಟ ಮಾಡಿದ ಅಂತ ನಮ್ಮ ಮಂದ್ಯಾಗ ಯಾರೂ ಅನ್ನೋದಿಲ್ಲ. ಅದನ್ನೆಲ್ಲ ಹೇಳಿದೆ. ಶೇಂಗಾ ಕುಟ್ಟಿ ಹಾಕಿದ್ದೂ, ಮೊಟ್ಟಿ ಕೊಟ್ಟದ್ದೂ ಹೇಳಿದೆ, ಹೊಗಳತಾಳ ಅಂತ.

ಆಕಿ ಮತ್ತ ಚೀಟಿ ಎಳಕೊಂಡಳು. ಈ ಸಲ ಒಂದು ಬಾಗಲ ಬರದಳು. "ಗುಳಿಗಿ ಅಂದ್ರ ರಸ ಅಲ್ಲ ಅವ್ವಾ, ರಸ ಮಾಡೋ ಕಚ್ಚಾ ಮಾಲು. ಕರುಳಿನಾಗಿಂದ ರಕ್ತಕ್ಕ ಹೋಗಬೇಕು, ರಕ್ತದಾಗಿಂದ ತಲಿಗೆ ಹೋಗಬೇಕು. ಅಲ್ಲಿ ಹೋದ ಮ್ಯಾಲ ರಸ ಆಗತೈತಿ. ಎರಡೂ ಕಡೆ ಬಾಗಲ ಐತಿ. ಹಾಲು, ಮೊಟ್ಟಿ, ಶೇಂಗಾ, ಬ್ಯಾಳಿ, ಇದರಾಗಿನ ಸತ್ವ ಹೋಗೋದೂ ಅದೇ ಬಾಗಲದಾಗ. ಹಾಲು ನುಗ್ಗಿ ನಿಂತರ ಗುಳಿಗಿ ಹೊರಗ ಉಳೀತೈತಿ. ಆ ಊರಾಗ ಗುಳಿಗಿ ಯಾವುದರ ಜೋಡಿ ಕೊಡತಾರ?"

"ನೀರಿನ ಜೋಡಿ" ಅಂದೆ.

"ಅದಕ್ಕ ನಡೀತಾರ."

ಗದ್ವಾಲದಾಕಿ ಏನೂ ಮಾಡಿರಲಿಲ್ಲ. ಮಾರಿ ತೋರಿಸಿರಲಿಲ್ಲ, ಮಂತ್ರ ಹಾಕಿರಲಿಲ್ಲ. ಗಡಿಬಿಡ್ಯಾಗ ಒಂದು ಲೋಟ ನೀರು ಕೊಟ್ಟು ಕೆಲಸಕ್ಕ ಹೋಗತಿದ್ದಳು. ನಾ ಮುಂಜಾನೆದ್ದು ಹಿಂಡಿ, ಕಾಸಿ, ಕುಟ್ಟಿ, ಕಲಿಸಿ, ಬಾಯಿಗೆ ಹಿಡದು, ನನ್ನ ಕೈಯಾರೆ ಬಾಗಲ ಬಂದ್ ಮಾಡತಿದ್ದೆ. ಆಕಿ ಅಂತಾದಾಕಿ ಇಂತಾದಾಕಿ ಅಂತ ತಿಳದಾಗ ಆಗಿದ್ದ ಉರಿ ಸಣ್ಣದು. ಆಕಿ ಏನೂ ಮಾಡದೇ ಗೆದ್ದಳು ಅಂತ ಗೊತ್ತಾದಾಗ ಆದ ಉರಿ ದೊಡ್ಡದು.

"ಡಾಕ್ಟರಮ್ಮ, ಹೊಟ್ಟಿಕಿಚ್ಚಿಗೂ ರಸ ಐತೇನು?"

"ತಲಿಯಾಗ ನಡಿಯೋದಕ್ಕೆಲ್ಲ ನರ ಐತಿ, ರಸ ಐತಿ ಅವ್ವಾ. ಹೊಟ್ಟಿಕಿಚ್ಚಿಗೆ ಅಂತ ಇದೊಂದೇ ರಸ ಅಂತ ತೋರಿಸಾಕ ಆಗೋದಿಲ್ಲ."

"ಇದ್ದರ ನನ್ನ ಚೀಲ ಎಂದೂ ಖಾಲಿ ಆಗಿಲ್ಲ. ತಗದು ಈತಗ ಹಾಕ್ರಿ, ಓಡತಾನ" ಅಂದೆ. ಆಗ ನಕ್ಕಳು. ಗುಳಿಗಿ ನೀರಿನ ಜೋಡಿ, ಆಮ್ಯಾಲ ಒಂದು ತಾಸು ಹೋಗಲಿ, ಹಾಲು ಮೊಟ್ಟಿ ಎಲ್ಲಾ ಸಂಜಿ ಊಟಕ್ಕ ಇಟ್ಟುಕೊಳ್ರಿ, ಪೂರ್ತಿ ಬಿಡಿಸಬ್ಯಾಡ್ರಿ ಅಂದಳು. ಈ ಜಡ್ಡು ಹೋಗೋದಿಲ್ಲ, ನಡಿಗಿ ಅಷ್ಟು ಸಲೀಸ ಆಗತೈತಿ ಅಂತಾನೂ ಹೇಳಿದಳು.

ಮಗ ಗುಳಿಗಿ ತಗೊಂಡು ಬಂದ. "ಏನಂದರು?" ಅಂದ. "ಮೊದಲಿನಂಗ ಅಂತ" ಅಂದೆ.

ಹೌದು, ಹಂಗಂದೆ. ಬರಿಯಾಕ ಕುಂತ ಮ್ಯಾಲ ಮುಚ್ಚಿಡೋದು ಏನೈತಿ. ಮಕ್ತಲಕ್ಕ ಬರೋ ಬಸ್ಸಿನಾಗ ಆತನ ಬಾಜು ಕುಂತು ನಾ ಒಂದ ವಿಚಾರ ಮಾಡಿದೆ. ನಾಳಿ ಆತ ಗದ್ವಾಲಕ್ಕ ಹೋಗತಾನ. ಆಕಿ ಆಡು ತಂದಿರತಾಳ. ಹಾಲು ಹಾಲು ಅಂತ ಅಳೋ ಮುದುಕಗ ಮೂರು ಹೊತ್ತೂ ಹಾಲು ಕುಡಸತಾಳ, ಗುಳಿಗಿ ಅದರಾಗೇ ಕೊಡತಾಳ. ನಾಕು ದಿನದಾಗ ಆಕಿ ಹೊಸ್ತಿಲ ಮುಂದೂ ಆತ ಕಲ್ಲಾಗತಾನ. ಆಗ ಗಿರಣಿ ಹೆಂಗಸರು ಏನಂತಾರ ನೋಡೂಣು. ಆಕಿ ತಾನ ಫೋನು ಹಚ್ಚತಾಳ, ಕರಕೊಂಡು ಹೋಗ್ರಿ ಅಂತಾಳ. ನಾ ಕರಕೊಂಡು ಬಂದು ನೀರಿನಾಗ ಗುಳಿಗಿ ಕೊಟ್ಟು ಊರೆಲ್ಲ ನಡಸತೀನಿ. ನಾ ಬಾಯಿ ಮುಚ್ಚಿಕೊಂಡು ಕುಂತರ ಸಾಕು, ಮತ್ತೇನೂ ಮಾಡೋದು ಬ್ಯಾಡ. ಆಕಿ ಏನೂ ಮಾಡದೇ ಗೆದ್ದಂಗ ನಾನೂ ಗೆಲ್ಲಬೋದು.

ಡಾಕ್ಟರಮ್ಮನ ಮಾತು ಆತನೂ ಕೇಳಿದ್ದ. ಅರ್ಧ ಹಾದಿಗೆ ನನ್ನ ಕಿವಿ ಹಂತ್ಯಾಕ ಬಾಗಿ ಏನೋ ಅಂದ. ಆತನ ದನಿ ಈಗ ಉಸುರಿನಷ್ಟ.

"ಹಾಲು ಬಂದ್ ಮಾಡತಿ?"

"ಮುಂಜಾನಿ ಬಂದ್."

"ಸಂಜಿಕ?"

"ಸಂಜಿಕ ನೋಡೂಣು."

ಊರು ಬರೋ ತನಕ ಆತನ ಬಲಗೈ ತನ್ನಷ್ಟಕ್ಕ ತಾ ನೂಲತಿತ್ತು. ಆ ಕೈ ನನ್ನ ಸೀರಿ ಸೆರಗಿನ ಮ್ಯಾಲ ಬಿದ್ದಿತ್ತು. ನಾ ಎತ್ತಿ ಆತನ ತೊಡಿ ಮ್ಯಾಲ ಇಟ್ಟೆ. ಮತ್ತ ಬಂದು ಬಿತ್ತು. ಬಿಟ್ಟೆ. ಆಕಿ ಹೊಸ್ತಿಲ ಮುಂದ ಈತ ನಿಲ್ಲೋದನ್ನ ಕಣ್ಣ ಮುಂದ ತಂದುಕೊಂಡೆ. ಮೊದಲ ಆಕಿ ಮಾರಿ ಸಣ್ಣದಾಗೋದು ಕಂಡಿತು, ಚಲೋ ಅನಿಸಿತು. ಆಮ್ಯಾಲ ಆಕಿ ನೂಲು ಸುತ್ತಾಕ ಹೋದ ಮ್ಯಾಲ ಒಬ್ಬನ ನಿಂತದ್ದು ಕಂಡಿತು. ನನ್ನ ಮನ್ಯಾಗ ಎತ್ತಾಕ ಎರಡು ಮಂದಿ ಇದ್ದೆವು. ಅಲ್ಲಿ ಯಾರೂ ಇಲ್ಲ. ನಿಂತಲ್ಲೇ ನಿಂತು ಉಚ್ಚಿ ಹೊಯ್ಯಕೊಂಡು ಬೀಳತಾನ.

ಮರುದಿನ ಮುಂಜಾನೆ ಕುರಿ ಹಿಂಡಿದೆ. ಬೀರಪ್ಪನ ಕಲ್ಲಿಗೆ ಒಂದು ಹನಿ ಹಾಕಿದೆ. ಹಾಲಿನ ಚರಗಿ ನನ್ನ ತೊಡಿ ಮ್ಯಾಲ ಇಟ್ಟುಕೊಂಡು ಅಂಗಳದಾಗ ಕುಂತೆ. ಆತಗ ಒಳಗ ನೀರಿನ ಲೋಟ, ಗುಳಿಗಿ ಕೊಟ್ಟು ಬಂದಿದ್ದೆ. ತಿರುಗಿ ನೋಡಲಿಲ್ಲ. ನೋಡಿದರ ನಡಿಯೋದಿಲ್ಲ ಅನ್ನೋ ಅಂಜಿಕಿ ಇನ್ನಾ ಹೋಗಿರಲಿಲ್ಲ ನನಗ. ಬಿಸಲು ಹುಣಸಿಗಿಡದ ಬೊಡ್ಡಿಗೆ ಬಂತು. ಸೊಸಿ ಕಸಾ ಹೊಡಕೊಂತ ಹೊಡಕೊಂತ ಕಸಬರಿಗಿ ಕೈ ಬಿಟ್ಟಳು. "ಅತ್ತೀ" ಅಂದಳು.

ಆತ ಹೊಸ್ತಿಲ ದಾಟಿ ಬಂದಿದ್ದ. ತಾನ. ಸೀದಾ ನನ್ನ ಮುಂದ ಬಂದು ನಿಂತು ಚರಗಿ ಕಡೆ ನೋಡಿದ.

"ಹಾಲು" ಅಂದ.

"ಸಂಜಿಕ" ಅಂದೆ.

ಮಗ ಗದ್ವಾಲಕ್ಕ ಒಯ್ಯೋ ಚೀಲ ಹಿಡಕೊಂಡು ಬಂದವ ನೋಡಿ ಅಲ್ಲೇ ನಿಂತ. "ಇಲ್ಲೇ ನಡೀತಾನಲ್ಲವ್ವ! ಹಂಗಾರ ಅಲ್ಲಿಗೆ ಯಾಕ ಒಯ್ಯೋದು?" ಅಂದ. ಗೆದ್ದೆ ಅನಿಸಿತು. ಆ ಗೆದ್ದದ್ದು ಗುಳಿಗೀದೋ, ಒಂಚೂರರ ನಂದೋ, ಅದನ್ನ ತೂಗೋ ತಕ್ಕಡಿ ಡಾಕ್ಟರಮ್ಮನ ಹತ್ತರಾನೂ ಇಲ್ಲ. ಮಗನ ಕೈಯಾಗಿನ ಚೀಲ ಕಸಗೊಂಡೆ. "ಕಾಯಂ ಇಲ್ಲ. ಇವತ್ತು ನಾನ ಒಯ್ಯತೀನಿ, ಸಂಜಿಕ ನಾನ ತರತೀನಿ" ಅಂದೆ. ಮಗಗ ತಿಳೀಲಿಲ್ಲ. ತಿಳಸಾಕ ಹೊತ್ತಿರಲಿಲ್ಲ, ಬಸ್ಸು ಇತ್ತು.

ಹೆಂಗಸರಿಗೆ ಬಸ್ಸು ಪುಕ್ಕಟೆ ಆಗೇತಿ, ಆತಗ ಅಷ್ಟ ಟಿಕೇಟ. ಡ್ಯಾಮಿನ ಮ್ಯಾಲಿಂದ ಬಸ್ಸು ಹೊಳಿ ದಾಟಿತು. ಮೂವತ್ನಾಕು ವರ್ಷದಾಗ ನಾ ಆ ದಂಡಿಗೆ ಹೋದದ್ದು ಅದ ಮೊದ್ಲು. ಆಕಿ ಮನಿ ಹಾದಿ ಆತಗ ಗೊತ್ತಿತ್ತು. ಓಣಿ ಬಾಯಿಗೆ ನಾ ಕೈ ಬಿಟ್ಟು ಹಿಂದ ಸರದೆ. "ನಡಿ ಮುಂದ" ಅಂದೆ. ಕಟ್ಟಿ ಮ್ಯಾಲ ಕುಂತವರು ನೋಡಲಿ, ನನ್ನ ಮನಿಯಿಂದ ಬಂದವ ಹೆಂಗ ನಡೀತಾನ ಅಂತ. ನೋಡಿದರು.

ಆಕಿ ಅವತ್ತು ಕೆಲಸಕ್ಕ ಹೋಗಿರಲಿಲ್ಲ, ಆತ ಬರತಾನ ಅಂತ. ಬಾಗಲದಾಗ ಕರೀ ಆಡು ಕಟ್ಟಿತ್ತು. ಬಂದ ಮಾರಿ ನಂದು ಅಂತ ಗೊತ್ತಾದ ಕೂಡಲೇ ಸೆರಗು ತಲಿ ಮ್ಯಾಲ ಎಳಕೊಂಡಳು. ಮುದುಕಿ ಆಗ್ಯಾಳ. ನಾ ಮೂವತ್ನಾಕು ವರ್ಷ ಬೈದದ್ದು ಬ್ಯಾರೆ ಯಾರಿಗೋ ಅನಿಸಿತು.

"ಬಾ ಅಕ್ಕಾ" ಅಂದಳು.

"ಕುಂದರಾಕ ಬಂದಿಲ್ಲ. ಆಡು ಇವತ್ತಿನಿಂದ ಮುಂಜಾನಿ ಹಿಂಡಬ್ಯಾಡ."

"ಯಾಕಕ್ಕಾ? ನಿನ್ನ ಮನಿ ಹಾಲಿಗೆ ಅಳತಾನ. ನಾ ರೊಟ್ಟಿ ಇಟ್ಟರ ಆಕಿ ಹಾಲು ಕೊಡತಾಳ ಅಂತಾನ. ಎಷ್ಟು ದಿನ ಕೇಳಲಿ ನಾನು ಆ ಮಾತು?"

ಹಾಲಿಗೆ ಅಳತಾನ ಅನ್ನೋದು ಗೊತ್ತಿತ್ತು, ನನ್ನ ಮಾತು ತಗದು ಅಳತಾನ ಅನ್ನೋದು ಗೊತ್ತಿರಲಿಲ್ಲ. ಆಕಿ ಮಾರಿ ನೋಡಿದೆ. ಆಕಿ ಹೊಟ್ಟ್ಯಾಗೂ ಆ ಉರಿ ಇತ್ತು, ನನ್ನಷ್ಟಲ್ಲದಿದ್ದರೂ ಸಾಕಷ್ಟು ಇತ್ತು.

ಡಾಕ್ಟರಮ್ಮ ಹೇಳಿದ್ದೆಲ್ಲ ಹೇಳಿದೆ. ಸಂದಿ, ಚೀಲ, ರಸ, ಬಾಗಲ, ಹಾಲು. ನೆಲದ ಮ್ಯಾಲ ಬೆರಳಲೇ ಎರಡು ಗೀಟು ಬರದು ತೋರಿಸಿದೆ. ಎರಡು ಸಲ ಹೇಳಿಸಿದೆ ಆಕಿ ಬಾಯಿಂದ. ಗುಳಿಗಿ ನೀರಿನಾಗ, ತಾಸು ಬಿಟ್ಟು ರೊಟ್ಟಿ, ಹಾಲು ಸಂಜಿಕ. ಮೂರನೇ ಸಲ ಹೇಳಾಕ ಹೋದರ "ತಿಳೀತಕ್ಕಾ, ನನಗೂ ತಲಿ ಐತಿ" ಅಂದಳು. ಅಮಾಸಿ ತನಕ ಆತ ನನ್ನ ಮನ್ಯಾಗ, ಅದಾದ ಮ್ಯಾಲ ನಿನ್ನ ತಿಂಗಳು, ಕಾಯಂ ಯಾರಿಗೂ ಇಲ್ಲ ಅಂದೆ. ಹೂಂ ಅಂದಳು.

ಚಹಾ ಮಾಡಿದಳು, ನನಗ, ತನಗ. ಆಡಿನ ಹಾಲು ಹಾಕಿದಳು. ಆತಗ ಕರೀ ಚಹಾ ಕೊಟ್ಟಳು, ಆತ ಲೋಟದಾಗ ಇಣಿಕಿ ನೋಡಿ ಇಬ್ಬರ ಮಾರಿನೂ ನೋಡಿದ. ನಾ ಕುಡದೆ. ನಮ್ಮ ಕುರಿ ಹಾಲಿನಷ್ಟು ಗಟ್ಟಿ ಇರಲಿಲ್ಲ. ಅದನ್ನೂ ಆಕಿಗೆ ಹೇಳಿ, ಆತನ್ನ ಎಬ್ಬಿಸಿಕೊಂಡು ಬಸ್ಸಿಗೆ ನಡದೆ.